ರಕ್ತದ ಗ್ರೋತ್ ಫ್ಯಾಕ್ಟರ್ ಅಳೆದರೆ ಮೂಳೆಯ ಗಟ್ಟಿತನ ತಿಳಿಯುತ್ತದೆಯೇ?

ಮುಟ್ಟು ನಿಂತ ಹೆಂಗಸಿಗೆ ಈಸ್ಟ್ರೋಜನ್ ಮಾತ್ರೆ ಕೊಟ್ಟರೆ ರಕ್ತದಲ್ಲಿ ಐಜಿಎಫ್-1 ಎಂಬ ಗ್ರೋತ್ ಫ್ಯಾಕ್ಟರಿನ, ಅಂದರೆ ಕೋಶಗಳಿಗೆ ಬೆಳೆಯುವ ಸಂಕೇತ ಕೊಡುವ ಪ್ರೋಟೀನಿನ, ಪ್ರಮಾಣ ಇಳಿಯುತ್ತದೆ. ಅದೇ ಈಸ್ಟ್ರೋಜನ್ನನ್ನು ಚರ್ಮಕ್ಕೆ ಅಂಟಿಸುವ ಪ್ಯಾಚ್ ಮೂಲಕ ಕೊಟ್ಟರೆ ಅಷ್ಟಾಗಿ ಇಳಿಯುವುದಿಲ್ಲ. ಮೂಳೆ ಕಟ್ಟುವ ಗ್ರೋತ್ ಫ್ಯಾಕ್ಟರ್‌ಗಳಲ್ಲಿ ಐಜಿಎಫ್-1 ಮುಖ್ಯವಾದದ್ದು. ಆ ಲೆಕ್ಕದಲ್ಲಿ ಮಾತ್ರೆ ನುಂಗಿದವರ ಮೂಳೆ ಸೊರಗಬೇಕಿತ್ತು, ಆದರೆ ಸೊರಗುವುದಿಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗದಲ್ಲಿ ಹಾರ್ಮೋನನ್ನು ಮಾತ್ರೆಯ ರೂಪದಲ್ಲೇ ತೆಗೆದುಕೊಂಡವರಲ್ಲಿ ಸೊಂಟದ ಮೂಳೆ ಮುರಿತ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿತ್ತು.

ಇನ್ನೊಂದು ತುದಿಯಲ್ಲಿ ಅಕ್ರೊಮೆಗಲಿ ರೋಗವಿದೆ. ಪಿಟ್ಯುಟರಿ ಗ್ರಂಥಿಯ ಗೆಡ್ಡೆಯಿಂದ ಬೆಳವಣಿಗೆಯ ಹಾರ್ಮೋನು ಮಿತಿಮೀರಿ, ರಕ್ತದ ಐಜಿಎಫ್-1 ಸದಾ ಏರಿರುತ್ತದೆ. ಇವರ ಮೂಳೆ ಉಕ್ಕಿನಂತಿರಬೇಕು ಅಂದುಕೊಂಡರೆ, ಬೆನ್ನುಮೂಳೆ ಕುಸಿತ ಇವರಲ್ಲಿ ಸಾಮಾನ್ಯರಿಗಿಂತ ಹೆಚ್ಚು. ಮೂಳೆ ಅಳೆಯುವ ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನಿನಲ್ಲಿ ಸಾಂದ್ರತೆ ಸರಿಯಾಗಿಯೇ ಕಂಡಿದ್ದರೂ ಮುರಿಯುತ್ತದೆ.

ಈ ಎರಡು ಸಂಗತಿ ಗೊತ್ತಿದ್ದವರು 'ನಿಮ್ಮ ಗ್ರೋತ್ ಫ್ಯಾಕ್ಟರ್ ಕಡಿಮೆ ಇದೆ, ಅದಕ್ಕೇ ಮೂಳೆ ಟೊಳ್ಳಾಗಿದೆ' ಎಂಬ ಮಾತನ್ನು ಸಲೀಸಾಗಿ ನಂಬುವುದಿಲ್ಲ. ಮಾತು ಮಾತ್ರ ಈಗ ಎಲ್ಲೆಡೆ ಕೇಳಿಬರುತ್ತಿದೆ. ಐಜಿಎಫ್-1 ಪರೀಕ್ಷೆಯನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಮಾಡಿಸಬಹುದು. ಕೂದಲು, ಚರ್ಮ, ಮಂಡಿಗೆಂದು ಶುರುವಾದ, ರೋಗಿಯ ರಕ್ತದಿಂದಲೇ ಗ್ರೋತ್ ಫ್ಯಾಕ್ಟರ್ ತೆಗೆದು ಚುಚ್ಚುವ ಪಿಆರ್‌ಪಿ, ಜಿಎಫ್‌ಸಿ ಇಂಜೆಕ್ಷನ್ನುಗಳ ಬೋರ್ಡು ಊರೂರಿಗೂ ಬಂದಿದೆ. ಮೂಳೆ ಟೊಳ್ಳಾದವರೂ ಅಲ್ಲಿಗೆ ಹೋಗಿ ಕೇಳುತ್ತಾರೆ.

ಮೂಳೆಯೊಳಗಿನ ಲೆಕ್ಕ

ಮೂಳೆ ಸತ್ತ ಕಂಬವಲ್ಲ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯದನ್ನು ಕರಗಿಸಿ ಗುಳಿ ತೋಡುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಆ ಗುಳಿಯಲ್ಲಿ ಹೊಸ ಮೂಳೆ ತುಂಬುತ್ತವೆ. ಗಟ್ಟಿ ಮೂಳೆಯೊಳಗೆ ಹುದುಗಿ ಕೂತ ಆಸ್ಟಿಯೋಸೈಟ್‌ಗಳು ಭಾರ ಎಲ್ಲಿ ಬೀಳುತ್ತಿದೆ, ಎಲ್ಲಿ ಸಣ್ಣ ಬಿರುಕು ಬಿಟ್ಟಿದೆ ಎಂದು ಗ್ರಹಿಸಿ ಕೆಲಸ ಹಚ್ಚುತ್ತವೆ. ತೋಡುವುದಕ್ಕೆ ಎರಡು ಮೂರು ವಾರ ಸಾಕು. ತುಂಬುವುದಕ್ಕೆ ಮೂರು ನಾಲ್ಕು ತಿಂಗಳು ಬೇಕು. ತೊಂದರೆಯ ಮೂಲ ಇರುವುದೇ ಈ ಅಂತರದಲ್ಲಿ.

ಈಸ್ಟ್ರೋಜನ್ ಇರುವ ತನಕ ಒಂದು ಹತೋಟಿ ಇರುತ್ತದೆ. ಆಸ್ಟಿಯೋಕ್ಲಾಸ್ಟ್ ಹುಟ್ಟಲು ಎರಡು ಸಂಕೇತ ಬೇಕು: ಎಂ-ಸಿಎಸ್‌ಎಫ್ ಮತ್ತು ರ‍್ಯಾಂಕ್‌ಎಲ್. ಇವುಗಳಲ್ಲಿ ಎಂ-ಸಿಎಸ್‌ಎಫ್ ಅಪ್ಪಟ ರಕ್ತದ ಗ್ರೋತ್ ಫ್ಯಾಕ್ಟರ್. ರಕ್ತದ ಮಾನೋಸೈಟ್ ಕುಲದ ಕೋಶಗಳನ್ನು ಬೆಳೆಸಿ ಮೂಳೆ ಕರಗಿಸುವ ದಾರಿಗೆ ಹಚ್ಚುವುದು ಅದೇ. ಅದು ಹುಟ್ಟಿನಿಂದಲೇ ಇಲ್ಲದ ಇಲಿಗಳಲ್ಲಿ ಆಸ್ಟಿಯೋಕ್ಲಾಸ್ಟ್‌ಗಳೇ ವಿರಳವಾಗಿ, ಮೂಳೆ ಕಲ್ಲಿನಂತೆ ದಟ್ಟವಾಗಿರುತ್ತದೆ. ಅಂದರೆ ಗ್ರೋತ್ ಫ್ಯಾಕ್ಟರ್ ಎಂದೊಡನೆ ಮೂಳೆಗೆ ಒಳ್ಳೆಯದು ಎಂದು ಭಾವಿಸುವ ಹಾಗಿಲ್ಲ. ಕೆಲವು ಕಟ್ಟುತ್ತವೆ, ಕೆಲವು ಕೆಡವುತ್ತವೆ, ಟಿಜಿಎಫ್-ಬೀಟಾ ಥರದವು ಎರಡನ್ನೂ ಮಾಡುತ್ತವೆ.

ಈಸ್ಟ್ರೋಜನ್ ಇಳಿದಾಗ ರ‍್ಯಾಂಕ್‌ಎಲ್ ಹೆಚ್ಚುತ್ತದೆ, ಅದನ್ನು ಹಿಡಿದು ನಿಷ್ಕ್ರಿಯಗೊಳಿಸುವ ಆಸ್ಟಿಯೋಪ್ರೊಟೆಜೆರಿನ್ ಕುಗ್ಗುತ್ತದೆ, ಉರಿಯೂತದ ಸಂಕೇತಗಳಾದ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮತ್ತು 6 ಮೇಲೇಳುತ್ತವೆ. ಒಂದೇ ಹೊತ್ತಿಗೆ ಸಾವಿರಾರು ಕಡೆ ಗುಳಿ ಬೀಳುತ್ತದೆ. ತುಂಬುವ ಕೆಲಸವೂ ಹೆಚ್ಚುತ್ತದೆ, ಆದರೆ ತೋಡಿದಷ್ಟು ತುಂಬುವುದಿಲ್ಲ. ಮುಟ್ಟು ನಿಲ್ಲುವ ಆಸುಪಾಸಿನ ಕೆಲವು ವರ್ಷ ಬೆನ್ನುಮೂಳೆಯಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಸಾಂದ್ರತೆ ಹೋಗುವುದು ಹೀಗೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಸುಮಾರು, ಪಶ್ಚಿಮದ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲೇ. ಇಳಿಕೆಯೂ ಅಷ್ಟು ಬೇಗ ಶುರುವಾಗುತ್ತದೆ.

ಟಿಜಿಎಫ್-ಬೀಟಾ ಮತ್ತು ಐಜಿಎಫ್‌ಗಳು ಮೂಳೆಯ ಹಂದರದೊಳಗೇ ಹೂತಿರುತ್ತವೆ. ಆಸ್ಟಿಯೋಕ್ಲಾಸ್ಟ್ ಮೂಳೆ ಕರಗಿಸಿದಾಗ ಅವು ಬಿಡುಗಡೆಯಾಗಿ, ಕಟ್ಟುವ ಕೋಶಗಳನ್ನು ಆ ಜಾಗಕ್ಕೇ ಕರೆತರುತ್ತವೆ. ಕೆಡವಿದಲ್ಲೇ ಕಟ್ಟು ಎಂಬ ಈ ವ್ಯವಸ್ಥೆ ನಡೆಯುವುದು ಕೂದಲೆಳೆಯ ದಪ್ಪದಷ್ಟು ಜಾಗದಲ್ಲಿ. ಅಲ್ಲಿನ ಸಾಂದ್ರತೆ ಎಷ್ಟು ಎಂಬುದನ್ನು ತೋಳಿನ ರಕ್ತನಾಳದಿಂದ ತೆಗೆದ ಐದು ಎಂಎಲ್ ರಕ್ತ ಹೇಳಲಾರದು.

ಐಜಿಎಫ್-1 ಕತೆಯೂ ಅಷ್ಟೆ. ರಕ್ತದಲ್ಲಿ ಸಿಗುವ ಐಜಿಎಫ್-1ರ ಬಹುಪಾಲು ಯಕೃತ್ತಿನದು. ಅದು ಒಂಟಿಯಾಗಿ ತಿರುಗುವುದಿಲ್ಲ. ಐಜಿಎಫ್‌ಬಿಪಿ-3 ಎಂಬ ಪ್ರೋಟೀನು ಮತ್ತು ಎಎಲ್‌ಎಸ್ ಎಂಬ ಇನ್ನೊಂದರ ಜೊತೆ ಮೂವರ ಕೂಟವಾಗಿ ಹರಿಯುತ್ತದೆ. ಬಿಡಿ ಐಜಿಎಫ್-1 ರಕ್ತದಲ್ಲಿ ಬಾಳುವುದು ನಿಮಿಷಗಳ ಲೆಕ್ಕದಲ್ಲಿ, ಕೂಟದೊಳಗಿನದು ಗಂಟೆಗಳ ಲೆಕ್ಕದಲ್ಲಿ. ಮೂಳೆಯ ಕೋಶಗಳು ತಮಗೆ ಬೇಕಾದದ್ದನ್ನು ತಾವೂ ತಯಾರಿಸಿಕೊಳ್ಳುತ್ತವೆ. 1999ರಲ್ಲಿ ಇಲಿಗಳ ಯಕೃತ್ತಿನಲ್ಲಿ ಮಾತ್ರ ಐಜಿಎಫ್-1 ಜೀನ್ ಅಳಿಸಿ ನೋಡಿದರು. ರಕ್ತದ ಮಟ್ಟ ಸುಮಾರು ಶೇ 75ರಷ್ಟು ಬಿತ್ತು, ಇಲಿಗಳ ಬೆಳವಣಿಗೆ ಮಾತ್ರ ಬಹುತೇಕ ಎಂದಿನಂತಿತ್ತು. ಎಎಲ್‌ಎಸ್ಸನ್ನೂ ತೆಗೆದು ಮಟ್ಟವನ್ನು ಇನ್ನೂ ಕೆಳಗೆ ತಳ್ಳಿದಾಗ ಮೂಳೆ ತೆಳುವಾಯಿತು. ಹಾಗಾಗಿ ರಕ್ತದ ಐಜಿಎಫ್-1ಗೆ ಪಾತ್ರವೇ ಇಲ್ಲ ಎಂದಲ್ಲ. ಆದರೆ ಊರ ಟ್ಯಾಂಕಿನ ಮಟ್ಟ ನೋಡಿ ನಿಮ್ಮ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ಹೇಳಲಾಗುವುದಿಲ್ಲ. ಈಸ್ಟ್ರೋಜನ್ ಮಾತ್ರೆಯ ಒಗಟು ಬಿಡಿಸಿಕೊಳ್ಳುವುದೂ ಇಲ್ಲೇ: ನುಂಗಿದ ಮಾತ್ರೆ ಮೊದಲು ಯಕೃತ್ತಿಗೆ ಹೋಗಿ ಅಲ್ಲಿನ ತಯಾರಿಕೆ ತಗ್ಗಿಸುತ್ತದೆ, ಮೂಳೆಯಲ್ಲಿ ಕರಗುವಿಕೆಗೆ ಕಡಿವಾಣ ಹಾಕುತ್ತದೆ.

ವಯಸ್ಸಾದವರ ದೊಡ್ಡ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಐಜಿಎಫ್-1 ಕಡಿಮೆ ಇರುವವರಲ್ಲಿ ಸೊಂಟ ಮುರಿತ ಹೆಚ್ಚು ಕಂಡದ್ದು ನಿಜ. ಆದರೆ ಅದನ್ನು ಇಳಿಸುವ ಕಾರಣಗಳೂ ಬೇಕಾದಷ್ಟಿವೆ: ಪ್ರೋಟೀನ್ ಕೊರತೆ, ಯಕೃತ್ತಿನ ಕಾಯಿಲೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ದೀರ್ಘ ಕಾಯಿಲೆ. ಇವೆಲ್ಲ ತಮ್ಮದೇ ದಾರಿಯಲ್ಲೂ ಮೂಳೆ ಕೆಡಿಸುತ್ತವೆ. ಜೊತೆಗೆ ವಯಸ್ಸು ಹೆಚ್ಚಿದಂತೆ ಐಜಿಎಫ್-1 ಸಹಜವಾಗಿ ಇಳಿಯುತ್ತದೆ. 60ರ ಹೆಂಗಸಿನ ಸಂಖ್ಯೆಯನ್ನು 30ರವರ ಮಿತಿಯ ಪಕ್ಕದಲ್ಲಿಟ್ಟರೆ ಎಲ್ಲರಿಗೂ ಕೊರತೆಯೇ.

ಕೆಂಪು ಮುಚ್ಚಳ, ನೇರಳೆ ಮುಚ್ಚಳ

ಮೂಳೆ ಟೊಳ್ಳಾದ ಹೆಂಗಸರಲ್ಲಿ ವಿಇಜಿಎಫ್, ಪಿಡಿಜಿಎಫ್, ಟಿಜಿಎಫ್-ಬೀಟಾ ಎಂಬ ಗ್ರೋತ್ ಫ್ಯಾಕ್ಟರ್‌ಗಳನ್ನು ಅಳೆದ ಪ್ರಬಂಧಗಳು ಬಹಳಷ್ಟಿವೆ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ಮತ್ತೊಂದರಲ್ಲಿ ವ್ಯತ್ಯಾಸವೇ ಇಲ್ಲ. ಓದುವವರು ಮೊದಲು ನೋಡಬೇಕಾದ್ದು ರಕ್ತ ಯಾವ ಟ್ಯೂಬಿಗೆ ಹೋಯಿತು ಎಂಬುದನ್ನು.

ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೇಲೆ ತಿಳಿಯಾಗಿ ನಿಲ್ಲುವುದು ಸೀರಮ್. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಒಡೆದು, ತಮ್ಮ ಆಲ್ಫಾ ಕಣಗಳಲ್ಲಿ ಕೂಡಿಟ್ಟ ಇದೇ ಫ್ಯಾಕ್ಟರ್‌ಗಳನ್ನು ಟ್ಯೂಬಿನೊಳಗೇ ಸುರಿಯುತ್ತವೆ. ಹೀಗಾಗಿ ಸೀರಮ್ ಮಟ್ಟ ಪ್ಲಾಸ್ಮಾಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ದೇಹದಲ್ಲಿ ನಿಜಕ್ಕೂ ಹರಿಯುತ್ತಿದ್ದದ್ದು ಎಷ್ಟು ಎಂದು ಬೇಕಿದ್ದರೆ ಹೆಪ್ಪುಗಟ್ಟದಂತೆ ತಡೆಯುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ತಣ್ಣಗಿಟ್ಟು, ಬೇಗನೆ ಎರಡು ಸಲ ತಿರುಗಿಸಿ, ಪ್ಲೇಟ್‌ಲೆಟ್ ಉಳಿಯದ ಪ್ಲಾಸ್ಮಾ ತೆಗೆಯಬೇಕು. ಸೀರಮ್‌ನಲ್ಲಿ ಅಳೆದ ವಿಇಜಿಎಫ್ ಬಹುಮಟ್ಟಿಗೆ ಪ್ಲೇಟ್‌ಲೆಟ್ ಸಂಖ್ಯೆಯ ನೆರಳು. ಕಬ್ಬಿಣದ ಕೊರತೆಯಿಂದಲೋ ಸೋಂಕಿನಿಂದಲೋ ಪ್ಲೇಟ್‌ಲೆಟ್ ಏರಿದ್ದರೆ ಅದೂ ಏರುತ್ತದೆ. ಅದಕ್ಕೆ ಮೂಳೆಯನ್ನು ಸಾಕ್ಷಿ ಕರೆಯುವುದು ಸರಿಯಲ್ಲ.

ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನಿನ ಕತೆ ಇನ್ನೂ ಸ್ವಾರಸ್ಯಕರ. ಇದು ಗ್ರೋತ್ ಫ್ಯಾಕ್ಟರ್ ಅಲ್ಲ, ಅವುಗಳ ಕೆಲಸಕ್ಕೆ ಬ್ರೇಕು. ಆಸ್ಟಿಯೋಸೈಟ್‌ಗಳು ಇದನ್ನು ಸುರಿಸಿ ಮೂಳೆ ಕಟ್ಟುವುದನ್ನು ತಡೆಯುತ್ತವೆ. ಹಾಗಿದ್ದರೆ ರಕ್ತದಲ್ಲಿ ಸ್ಕ್ಲೆರೋಸ್ಟಿನ್ ಹೆಚ್ಚಿದ್ದವರ ಮೂಳೆ ತೆಳುವಿರಬೇಕು. ಅನೇಕ ಅಧ್ಯಯನಗಳಲ್ಲಿ ಕಂಡದ್ದು ಉಲ್ಟಾ, ಅವರ ಸಾಂದ್ರತೆಯೇ ಹೆಚ್ಚು. ಮೂಳೆ ಜಾಸ್ತಿ ಇದ್ದರೆ ಆಸ್ಟಿಯೋಸೈಟ್‌ಗಳೂ ಜಾಸ್ತಿ, ಸುರಿಯುವುದೂ ಜಾಸ್ತಿ ಎಂಬುದು ಇದಕ್ಕೆ ಕೊಡುವ ವಿವರಣೆ.

ಇಂಜೆಕ್ಷನ್ ಎಲ್ಲಿಗೆ ಮುಟ್ಟುತ್ತದೆ

ಪಿಆರ್‌ಪಿ ಮಾಡುವ ಬಗೆ ಸರಳ. 20ರಿಂದ 60 ಎಂಎಲ್ ರಕ್ತ ತೆಗೆದು, ಸೆಂಟ್ರಿಫ್ಯೂಜಿನಲ್ಲಿ ಮೊದಲು ನಿಧಾನವಾಗಿ ತಿರುಗಿಸಿ ಕೆಂಪು ಕಣ ಬೇರೆ ಮಾಡುತ್ತಾರೆ, ಮತ್ತೆ ಜೋರಾಗಿ ತಿರುಗಿಸಿ ಪ್ಲೇಟ್‌ಲೆಟ್ ಕೆಳಗಿಳಿಸುತ್ತಾರೆ. ಕೊನೆಗೆ ಉಳಿಯುವ ಕೆಲವೇ ಎಂಎಲ್‌ನಲ್ಲಿ ಪ್ಲೇಟ್‌ಲೆಟ್ ಮಾಮೂಲಿಗಿಂತ ಮೂರರಿಂದ ಐದು ಪಟ್ಟು ಇರುತ್ತದೆ. ಜಿಎಫ್‌ಸಿಯಲ್ಲಿ ಪ್ಲೇಟ್‌ಲೆಟ್‌ಗಳನ್ನು ಟ್ಯೂಬಿನಲ್ಲೇ ಒಡೆಸಿ, ಹೊರಬಂದ ದ್ರವವನ್ನಷ್ಟೇ ಚುಚ್ಚುತ್ತಾರೆ. ಒಡೆದ ಪ್ಲೇಟ್‌ಲೆಟ್ ತನ್ನ ಸಂಗ್ರಹದ ಬಹುಪಾಲನ್ನು ಮೊದಲ ಒಂದು ಗಂಟೆಯಲ್ಲೇ ಬಿಟ್ಟುಬಿಡುತ್ತದೆ. ರಕ್ತಕ್ಕೆ ಸೇರಿದ ಪಿಡಿಜಿಎಫ್ ನಿಮಿಷಗಳಲ್ಲಿ ಮಾಯ. ಮಂಡಿಗೆ ಚುಚ್ಚಿದ್ದು ಸೊಂಟದ ಕೀಲಿಗೂ ಬೆನ್ನುಮೂಳೆಗೂ ತಲುಪಿ, ಆರು ತಿಂಗಳು ಅಲ್ಲಿದ್ದು ಮೂಳೆ ಕಟ್ಟಿಸುತ್ತದೆ ಎನ್ನಲು ದಾರಿಯೇ ಇಲ್ಲ.

ಮಂಡಿಯ ಸಂಧಿವಾತ ಬೇರೆ ರೋಗ, ಅಲ್ಲಿ ಹಾಳಾಗುವುದು ಮುಖ್ಯವಾಗಿ ಮೆದುಮೂಳೆ (ಕಾರ್ಟಿಲೇಜ್). ಅದಕ್ಕೂ ಪಿಆರ್‌ಪಿ ಕುರಿತು ತಜ್ಞರಲ್ಲಿ ಒಮ್ಮತವಿಲ್ಲ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ರಿಸ್ಟೋರ್ ಪ್ರಯೋಗದಲ್ಲಿ 288 ಜನರಿಗೆ ಪಿಆರ್‌ಪಿ ಅಥವಾ ಬರೀ ಸಲೈನ್ ಚುಚ್ಚಿ ಒಂದು ವರ್ಷ ನೋಡಿದರು. ನೋವಿನಲ್ಲೂ ಮೆದುಮೂಳೆಯ ಗಾತ್ರದಲ್ಲೂ ಹೇಳಿಕೊಳ್ಳುವ ಅಂತರ ಸಿಗಲಿಲ್ಲ. ಟೊಳ್ಳು ಮೂಳೆಗಂತೂ ಯಾವ ಪ್ರಮುಖ ಚಿಕಿತ್ಸಾ ಮಾರ್ಗಸೂಚಿಯೂ ಪಿಆರ್‌ಪಿ ಶಿಫಾರಸು ಮಾಡುವುದಿಲ್ಲ. ಬೆಳವಣಿಗೆಯ ಹಾರ್ಮೋನನ್ನೇ ಕೊಟ್ಟು ನೋಡಿದ್ದೂ ಆಗಿದೆ. ಊತ, ಮಣಿಕಟ್ಟಿನ ನರ ಒತ್ತುವಿಕೆ, ಸಕ್ಕರೆ ಏರಿಕೆ ಬಂದವು. ಮೂಳೆ ಟೊಳ್ಳಿಗೆ ಅದು ಅನುಮೋದಿತ ಚಿಕಿತ್ಸೆಯಾಗಲಿಲ್ಲ.

ಮಾಡಿಸಬೇಕಾದ ಪರೀಕ್ಷೆ

ಇಂಥ ಪರೀಕ್ಷೆ, ಇಂಜೆಕ್ಷನ್ನಿಗೆ ಹಾಕುವ ದುಡ್ಡಿನಲ್ಲಿ ಡೆಕ್ಸಾ ಸ್ಕ್ಯಾನ್ ಮಾಡಿಸುವುದು ಮೇಲು. ಸೊಂಟ ಮತ್ತು ಬೆನ್ನು ಎರಡನ್ನೂ ಅಳೆಯಬೇಕು. ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳು) ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಿಂದ ಹೇಳುತ್ತಿದೆ. ಕ್ಯಾಂಪುಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಅಲ್ಟ್ರಾಸೌಂಡ್ ಯಂತ್ರದ ಸ್ಕೋರು ಇದಕ್ಕೆ ಸಮವಲ್ಲ. 65 ದಾಟಿದವರಲ್ಲಿ ಬೆನ್ನುಮೂಳೆಯ ಅಂಚಿಗೆ ಬೆಳೆದ ಮುಳ್ಳುಗಳಿಂದ ಬೆನ್ನಿನ ಸಾಂದ್ರತೆ ಸುಳ್ಳೇ ಹೆಚ್ಚು ಕಾಣುತ್ತದೆ, ಆಗ ಸೊಂಟದ ಸಂಖ್ಯೆಯನ್ನೇ ನಂಬಬೇಕು. ಯೌವನದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಮ್ಮಿಯಾಗಿದ್ದರೆ ಬೆನ್ನಿನ ಪಕ್ಕದ ಎಕ್ಸ್‌ರೇ ತೆಗೆಸಿ. ದೊಡ್ಡ ಪೆಟ್ಟಾಗಲಿ ಬೇರೆ ಕಾಯಿಲೆಯಾಗಲಿ ಇಲ್ಲದೆ ಕುಸಿದ ಕಶೇರು (ಬೆನ್ನುಮೂಳೆಯ ಒಂದೊಂದು ಬಿಲ್ಲೆ) ಕಂಡರೆ ಟಿ-ಸ್ಕೋರ್ ಎಷ್ಟೇ ಇರಲಿ, ರೋಗ ಖಚಿತ.

ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ರಕ್ತಕಣಗಳ ಎಣಿಕೆ ಮತ್ತು ಇಎಸ್‌ಆರ್ (ಉರಿಯೂತದ ಸುಳಿವು) ನೋಡಬೇಕು. ಕ್ಯಾಲ್ಸಿಯಂ ಏರಿದ್ದರೆ ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ಕೂಡ. ಹಿಮೋಗ್ಲೋಬಿನ್ ಕಮ್ಮಿಯಾಗಿ ಇಎಸ್‌ಆರ್ ವಿಪರೀತ ಇದ್ದರೆ ಮಯಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್ ಇದೆಯೇ ಎಂದು ಹುಡುಕಬೇಕು. ಬೆನ್ನು ಕುಸಿತವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಮಯಲೋಮಾ ತಪ್ಪಿಸಿಕೊಳ್ಳುವುದು ಇಂಥಲ್ಲೇ.

ಮೂಳೆಯ ವಹಿವಾಟು ರಕ್ತದಲ್ಲೇ ತಿಳಿಯಬೇಕೆಂದರೆ ಅದಕ್ಕೆ ಸರಿಯಾದ ಎರಡು ಪರೀಕ್ಷೆಗಳಿವೆ: ಕರಗುವುದನ್ನು ಹೇಳುವ ಸಿಟಿಎಕ್ಸ್, ಕಟ್ಟುವುದನ್ನು ಹೇಳುವ ಪಿ1ಎನ್‌ಪಿ. ಇವು ಕೂಡ ರೋಗ ಪತ್ತೆಗಲ್ಲ, ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡಲು. ಡೆಕ್ಸಾದಲ್ಲಿ ನಂಬಬಹುದಾದ ಬದಲಾವಣೆ ಕಾಣಲು ಒಂದೆರಡು ವರ್ಷ ಬೇಕು, ಇವುಗಳಲ್ಲಿ ಮೂರು ತಿಂಗಳು ಸಾಕು. ಸಿಟಿಎಕ್ಸ್ ಊಟವಾದ ಮೇಲೆ ಇಳಿಯುತ್ತದೆ. ಹಾಗಾಗಿ ರಾತ್ರಿಯ ಊಟದ ನಂತರ ಏನೂ ತಿನ್ನದೆ, ಕಾಫಿಯನ್ನೂ ಕುಡಿಯದೆ, ಬೆಳಿಗ್ಗೆ 8ರಿಂದ 10ರೊಳಗೆ ರಕ್ತ ಕೊಡಬೇಕು. ಮೂರು ತಿಂಗಳ ಬಳಿಕವೂ ಅದೇ ಲ್ಯಾಬು, ಅದೇ ಹೊತ್ತು. ಮೂಳೆ ಮುರಿದು ಕೆಲವೇ ತಿಂಗಳಾಗಿದ್ದರೆ ಎರಡೂ ಏರಿರುತ್ತವೆ. ಕೂದಲು ಉದುರುವುದಕ್ಕೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಫಲಿತಾಂಶವನ್ನೇ ತಪ್ಪಿಸುತ್ತದೆ, ಎರಡು ಮೂರು ದಿನ ಮೊದಲೇ ನಿಲ್ಲಿಸಿ.

ತಟ್ಟೆ ಮತ್ತು ಭಾರ

ಐಜಿಎಫ್-1 ಅನ್ನು ಸುರಕ್ಷಿತವಾಗಿ ಮೇಲೆತ್ತುವುದು ಪ್ರೋಟೀನು. 1998ರಲ್ಲಿ ಪ್ರಕಟವಾದ ಜಿನೀವಾದ ಅಧ್ಯಯನವೊಂದರಲ್ಲಿ, ಸೊಂಟ ಮುರಿದ ವೃದ್ಧರಿಗೆ ಆರು ತಿಂಗಳು ದಿನಕ್ಕೆ 20 ಗ್ರಾಂ ಪ್ರೋಟೀನ್ ಹೆಚ್ಚುವರಿ ಕೊಟ್ಟಾಗ ಐಜಿಎಫ್-1 ಏರಿತು, ತೊಡೆಮೂಳೆಯ ಮೇಲ್ಭಾಗದ ಸವಕಳಿ ನಿಧಾನವಾಯಿತು. ಗಮನಿಸಿ, ಅಲ್ಲಿದ್ದವರು ಮೊದಲೇ ಬಡಕಲಾಗಿದ್ದವರು. ಕೊರತೆ ಇದ್ದಲ್ಲಿ ತುಂಬಿದಾಗ ಬಂದ ಫಲ ಅದು.

ನಮ್ಮ ಕಡೆಯ ಊಟ ಲೆಕ್ಕ ಹಾಕೋಣ. 55 ಕೆಜಿ ತೂಕದ ಹೆಂಗಸಿಗೆ ಕೆಜಿಗೆ 1ರಿಂದ 1.2 ಗ್ರಾಂನಂತೆ 55ರಿಂದ 66 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ 7 ಗ್ರಾಂ, 150 ಗ್ರಾಂ ಅಕ್ಕಿಯ ಅನ್ನದಲ್ಲಿ 12, ಸಾರಿಗೆ ಹಾಕಿದ 30 ಗ್ರಾಂ ತೊಗರಿಬೇಳೆಯಲ್ಲಿ 6–7, ಕಾಫಿಗೆ ಹೋಗುವ 200 ಎಂಎಲ್ ಹಾಲಿನಲ್ಲಿ 6. ಒಟ್ಟು 32ರ ಹತ್ತಿರ ನಿಲ್ಲುತ್ತದೆ. ಒಂದು ದೊಡ್ಡ ಬಟ್ಟಲು ಮೊಸರು, 30 ಗ್ರಾಂ ಕಡಲೆಕಾಯಿ, 30 ಗ್ರಾಂ ಹೆಸರುಕಾಳಿನ ಉಸಲಿ ಸೇರಿದರೆ 52 ಮುಟ್ಟುತ್ತದೆ. ತಿನ್ನುವವರಾದರೆ ಎರಡು ಮೊಟ್ಟೆ ಇನ್ನೂ 12 ಗ್ರಾಂ ಕೊಡುತ್ತದೆ. ಕಿಡ್ನಿ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಕ್ಯಾಲ್ಸಿಯಂ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ಐಸಿಎಂಆರ್ ಮುಟ್ಟು ನಿಂತವರಿಗೆ ಹೇಳಿದೆ. ಮೇಲಿನ ಊಟದ ರಾಗಿಯಲ್ಲಿ ಸುಮಾರು 350, ಹಾಲು ಮೊಸರಿನಲ್ಲಿ 450ರಿಂದ 500. ಉಳಿದದ್ದಕ್ಕೆ 500 ಮಿಲಿಗ್ರಾಂನ ಒಂದು ಮಾತ್ರೆ ಸಾಕು, ಎರಡು ಬೇಡ. ಕಾರ್ಬೊನೇಟ್ ಆದರೆ ಊಟದ ಜೊತೆ ನುಂಗಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ವಿಟಮಿನ್ ಡಿಯ 60,000 ಯೂನಿಟ್ ಸ್ಯಾಶೆಯನ್ನು ವಾರಕ್ಕೊಂದರಂತೆ ಎಂಟು ವಾರ ಎಂದು ಬರೆದುಕೊಟ್ಟಿದ್ದರೆ ಎಂಟಕ್ಕೆ ನಿಲ್ಲಿಸಿ. ವರ್ಷಗಟ್ಟಲೆ ವಾರವಾರ ನುಂಗಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರಿದ್ದಾರೆ.

ಮೂಳೆಯ ಮೇಲೆ ಭಾರ ಬಿದ್ದಾಗ ಆಸ್ಟಿಯೋಸೈಟ್‌ಗಳು ಸ್ಕ್ಲೆರೋಸ್ಟಿನ್ ಕಡಿಮೆ ಮಾಡುತ್ತವೆ, ಅಲ್ಲಲ್ಲೇ ಐಜಿಎಫ್-1 ತಯಾರಾಗುತ್ತದೆ. ಬರೀ ವಾಕಿಂಗ್ ಇದಕ್ಕೆ ಸಾಲದು. 2018ರ ಲಿಫ್ಟ್‌ಮೋರ್ ಪ್ರಯೋಗದಲ್ಲಿ ಮೂಳೆ ತೆಳುವಾದ 101 ಹೆಂಗಸರಲ್ಲಿ ಒಂದು ಗುಂಪಿನವರು ವಾರಕ್ಕೆರಡು ದಿನ, ಅರ್ಧ ಗಂಟೆ, ತರಬೇತುದಾರರ ಕಣ್ಗಾವಲಿನಲ್ಲಿ ಭಾರ ಎತ್ತಿದರು. ಎಂಟು ತಿಂಗಳಲ್ಲಿ ಬೆನ್ನಿನ ಸಾಂದ್ರತೆ ಶೇ 2.9 ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ 1.2 ಇಳಿಯಿತು. ಯೋಗ ಮಾಡುವವರಿಗೆ ಒಂದು ಎಚ್ಚರಿಕೆ: ಬೆನ್ನು ಟೊಳ್ಳಾಗಿದ್ದರೆ ಪಶ್ಚಿಮೋತ್ತಾನಾಸನ, ಪಾದಹಸ್ತಾಸನದಂಥ ಮುಂದೆ ಬಾಗುವ ಆಸನಗಳು ಬೇಡ. 1984ರ ಒಂದು ಸಣ್ಣ ಅಧ್ಯಯನದಲ್ಲಿ ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ 89 ಮಂದಿಗೆ ಹೊಸ ಕುಸಿತ ಕಂಡಿತ್ತು, ಹಿಂದೆ ಬಾಗುವುದನ್ನು ಮಾಡಿದವರಲ್ಲಿ ಶೇ 16.

ಸಂಕೇತಗಳನ್ನು ನಿಜಕ್ಕೂ ಬದಲಿಸುವ ಔಷಧಗಳು

ಈ ಎಲ್ಲ ಸಂಶೋಧನೆಯ ಫಲ ಔಷಧದ ಅಂಗಡಿಗೆ ಬಂದಿದೆ. ಟೆರಿಪ್ಯಾರಟೈಡ್ ದಿನಕ್ಕೆ 20 ಮೈಕ್ರೋಗ್ರಾಂ ಚುಚ್ಚಿಕೊಳ್ಳುವ ಪೆನ್ನು. ಮೂಳೆಯೊಳಗೇ ಐಜಿಎಫ್-1 ಏರಿಸಿ ಕಟ್ಟಿಸುತ್ತದೆ. ಫ್ರಿಜ್‌ನಲ್ಲಿಡಬೇಕು, ಫ್ರೀಜರಿನಲ್ಲಲ್ಲ, ತೆರೆದ ಪೆನ್ನು 28 ದಿನಕ್ಕೆ ಮುಗಿಯಿತು. ಒಂದೂವರೆ ಎರಡು ವರ್ಷದ ಬಳಿಕ ನಿಲ್ಲಿಸಿ ಸುಮ್ಮನಾದರೆ ಗಳಿಸಿದ್ದು ಕರಗಿಹೋಗುತ್ತದೆ. ಹಿಂದೆಯೇ ಮೂಳೆ ಕರಗುವುದನ್ನು ತಡೆಯುವ ಝೋಲೆಡ್ರೊನೇಟ್ ಅಥವಾ ಅಲೆಂಡ್ರೊನೇಟ್ ಬೇಕು. ಸ್ಕ್ಲೆರೋಸ್ಟಿನ್ ತಡೆಯುವ ರೊಮೊಸೊಝುಮ್ಯಾಬ್‌ಗೆ 2019ರಲ್ಲಿ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿತು. ತಿಂಗಳಿಗೆ 210 ಮಿಲಿಗ್ರಾಂ, ಹನ್ನೆರಡು ತಿಂಗಳು. ಕಳೆದ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಿಗೆ ಕೊಡುವಂತಿಲ್ಲ.

ಬಹುಪಾಲು ಜನರಿಗೆ ಮೊದಲು ಬರೆಯುವುದು ವಾರಕ್ಕೊಮ್ಮೆಯ 70 ಮಿಲಿಗ್ರಾಂ ಅಲೆಂಡ್ರೊನೇಟ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಇರಬೇಕು. ಕಾಫಿಯ ಜೊತೆ ನುಂಗಿದರೆ ದೇಹಕ್ಕೆ ಸೇರುವುದು ಇನ್ನಷ್ಟು ಕಡಿಮೆ. ಅದು ಮೊದಲೇ ಶೇಕಡ ಒಂದಕ್ಕಿಂತ ಕಡಿಮೆ.

ಹೆಚ್ಚು ಅನಾಹುತ ಆಗುವುದು ಡೆನೊಸುಮ್ಯಾಬ್‌ನಲ್ಲಿ. ರ‍್ಯಾಂಕ್‌ಎಲ್ ಹಿಡಿದಿಡುವ ಈ 60 ಮಿಲಿಗ್ರಾಂ ಇಂಜೆಕ್ಷನ್ ಆರು ತಿಂಗಳಿಗೊಮ್ಮೆ. ಚುಚ್ಚಿಸಿಕೊಳ್ಳುವುದು ಸುಲಭ, ಮರೆಯುವುದೂ ಸುಲಭ. ಏಳು ತಿಂಗಳು ದಾಟಿತೆಂದರೆ ತಡೆಹಿಡಿದಿದ್ದ ಆಸ್ಟಿಯೋಕ್ಲಾಸ್ಟ್‌ಗಳು ಒಟ್ಟಿಗೇ ಎಚ್ಚೆತ್ತು, ಸಿಟಿಎಕ್ಸ್ ಚಿಕಿತ್ಸೆಗೆ ಮೊದಲಿದ್ದ ಮಟ್ಟವನ್ನೂ ಮೀರಿ ಜಿಗಿಯುತ್ತದೆ. ಕೆಲವರಲ್ಲಿ ಒಂದರ ಹಿಂದೊಂದು ಕಶೇರು ಕುಸಿಯುತ್ತದೆ. ಮೊದಲ ಡೋಸ್ ಹಾಕಿಸಿದ ದಿನವೇ ಮುಂದಿನ ದಿನಾಂಕವನ್ನು ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಹಾಕಿಡಿ. ನಿಲ್ಲಿಸುವುದೇ ಆದರೆ ಕೊನೆಯ ಡೋಸ್ ಆಗಿ ಆರು ತಿಂಗಳಿಗೆ ಝೋಲೆಡ್ರೊನೇಟ್ 5 ಮಿಲಿಗ್ರಾಂ ಡ್ರಿಪ್ಪಿಗೆ ವ್ಯವಸ್ಥೆ ಮಾಡಿಕೊಳ್ಳಿ, ಅದಕ್ಕೆ ಮೊದಲು ಕ್ರಿಯಾಟಿನಿನ್ ನೋಡಿಸಿ. ಡಯಾಲಿಸಿಸ್‌ನಲ್ಲಿರುವವರಿಗೆ ಡೆನೊಸುಮ್ಯಾಬ್‌ನಿಂದ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಕುಸಿಯಬಹುದೆಂದು ಅಮೆರಿಕದ ಎಫ್‌ಡಿಎ 2024ರಲ್ಲಿ ತೀವ್ರ ಎಚ್ಚರಿಕೆ ಸೇರಿಸಿದೆ. ಅಂಥವರ ಮೂಳೆಯ ಚಿಕಿತ್ಸೆಯನ್ನು ಕಿಡ್ನಿ ತಜ್ಞರು ಒಪ್ಪಿದ ಮೇಲಷ್ಟೇ ಶುರು ಮಾಡಬೇಕು.